ಬಂಪರ್ ಎಂಬ ಮೀಸೆಯ ಕಥೆ

ಕುಂದಾಪುರದಿಂದ ಬೈಂದೂರಿನತ್ತ ಹೊರಟರೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಪ್ರವಾಸಿಗರಿಗೆ ಹಿತವೆನಿಸುವ ಇಲ್ಲಿನ ಗಾಳಿ ಹಳೆಯ ಕಾರುಗಳ ಬಂಪರ್‌ಗೆ ಮಾತ್ರ ಹಗೆ. ಉಕ್ಕಿನ ಮೇಲೆ ನಿಕ್ಕಲ್, ಅದರ ಮೇಲೆ ತೆಳುವಾದ ಕ್ರೋಮಿಯಂ. ಈ ಲೇಪದ ಸೂಕ್ಷ್ಮ ರಂಧ್ರಗಳಿಗೆ ಉಪ್ಪಿನಂಶ ಇಳಿದರೆ ಒಳಗಿನ ಉಕ್ಕಿಗೆ ತುಕ್ಕು ಹಿಡಿದು, ಹೊಳಪು ಹೊಪ್ಪಳೆಯಂತೆ ಏಳುತ್ತದೆ. ಬೋಲ್ಟುಗಳೂ ಕಚ್ಚಿಕೊಳ್ಳುತ್ತವೆ.

ಕಾರಿನ ಮುಖಕ್ಕೆ ಮೀಸೆಯಂತಿದ್ದ ಬಂಪರ್‌ಗೆ ಕಾನೂನಿನ ಕಟ್ಟು ಬಿದ್ದದ್ದು ಅಮೆರಿಕದಲ್ಲಿ. 1973ರ ಮಾದರಿಯ ಕಾರುಗಳ ಮುಂಬದಿಯ ಬಂಪರ್ ಗಂಟೆಗೆ 5 ಮೈಲಿ ವೇಗದ ಡಿಕ್ಕಿಯನ್ನು ತಾಳಬೇಕೆಂಬ ನಿಯಮ ಬಂತು. 1962ರಲ್ಲಿ ಕ್ರೋಮ್ ಬಂಪರ್ ತೊಟ್ಟು ಬಂದಿದ್ದ ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು 1974ರ ಕೊನೆಗೆ ದಪ್ಪನೆಯ ಕಪ್ಪು 'ರಬ್ಬರ್' ಬಂಪರ್ ಧರಿಸಿತು. ಕಾರಿನ ಎತ್ತರವೂ ಹೆಚ್ಚಿತು. ಅಭಿಮಾನಿಗಳು ಮುನಿದರು. 1980ರಲ್ಲಿ ಆ ಕಾರಿನ ತಯಾರಿಕೆ ನಿಂತಿತಾದರೂ ಕಪ್ಪು ಬಂಪರ್ ಕಳಚಿ ಕ್ರೋಮ್ ಕೂರಿಸುವವರು ಇಂದಿಗೂ ಇದ್ದಾರೆ. ಆದರೆ ಇಂಡಿಕೇಟರ್ ದೀಪಗಳಿರುವುದು ಆ ಕಪ್ಪು ಬಂಪರ್‌ನಲ್ಲೇ. ಅದನ್ನು ತೆಗೆದರೆ ದೀಪಕ್ಕೂ ಬೇರೆ ಜಾಗ ಹುಡುಕಬೇಕು.

ನಮ್ಮಲ್ಲಿ ಸಮಸ್ಯೆ ತಿರುವುಮುರುವು. ಬಂಪರ್ ಮುಂದೆ ಕಬ್ಬಿಣದ ಗಾರ್ಡ್ ಬಿಗಿಯುವ ಚಾಳಿಯ ವಿರುದ್ಧ ಕ್ರಮ ಕೈಗೊಳ್ಳುವಂತೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಅಂಥ ಗಾರ್ಡು ಪಾದಚಾರಿಗೂ ಅಪಾಯ, ಕಾರಿನೊಳಗಿದ್ದವರಿಗೂ ಅಪಾಯ.

2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನವೇ 'ವಿಂಟೇಜ್'. ಹಾಗಾಗಿ ತುಕ್ಕು ಹಿಡಿದ ಬಂಪರ್ ಕಳಚಿದವರು ಅದನ್ನು ಗುಜರಿಗೆ ಹಾಕದೆ, ಮರುಲೇಪ ಮಾಡಿಸಿ ಮತ್ತೆ ಕೂರಿಸುವುದೇ ಲೇಸು. ಮೀಸೆ ಬೋಳಿಸಿದರೆ ಮತ್ತೆ ಬೆಳೆದೀತು, ಹಳೆಯ ಬಂಪರ್ ಬೆಳೆಯದು.