ಐರ್ಲೆಂಡಿನ ರೈತ ಮನೆತನಗಳ ಮೂಲಶೋಧನೆ: ಸ್ಥಳೀಯ ದಾಖಲೆಗಳೂ ನಕ್ಷೆಗಳೂ

ರಾಜರ ಹಾಗೂ ಸಾಮಂತರ ವಂಶಾವಳಿಗಳನ್ನು ನಿರ್ಣಯಿಸುವುದು ಇತಿಹಾಸಕಾರನಿಗೆ ಚಿರಪರಿಚಿತವಾದ ಕೆಲಸ. ಆದರೆ ತನ್ನ ಕೈಯಿಂದ ಒಂದಕ್ಷರವನ್ನೂ ಬರೆಯದೆ, ಪರರ ಭೂಮಿಯನ್ನು ಗೇಣಿಗೆ ಉತ್ತು ಬಾಳಿದ ಸಾಮಾನ್ಯ ರೈತನ ಮನೆತನವನ್ನು ನಾಲ್ಕಾರು ತಲೆಮಾರುಗಳ ಹಿಂದಕ್ಕೆ ಗುರುತಿಸಲು ಸಾಧ್ಯವೆ? ಈ ಪ್ರಶ್ನೆಗೆ ಐರ್ಲೆಂಡಿನ ನಿದರ್ಶನವು ಬಹು ಬೋಧಪ್ರದವಾಗಿದೆ. 1841ರಲ್ಲಿ ಸುಮಾರು 81 ಲಕ್ಷ 75 ಸಾವಿರವಿದ್ದ ಆ ದ್ವೀಪದ ಜನಸಂಖ್ಯೆ, 1845ರಲ್ಲಿ ಆಲೂಗಡ್ಡೆಯ ಬೆಳೆಗೆ ತಗುಲಿದ ರೋಗದಿಂದ ಮೊದಲಾದ ಮಹಾಕ್ಷಾಮದ ಫಲವಾಗಿ, 1851ರ ವೇಳೆಗೆ ಸುಮಾರು 65 ಲಕ್ಷ 50 ಸಾವಿರಕ್ಕೆ ಇಳಿಯಿತು. ಹಸಿವಿನಿಂದಲೂ ಜ್ವರದಿಂದಲೂ ಮಡಿದವರು ಸುಮಾರು ಹತ್ತು ಲಕ್ಷ. ಸಮುದ್ರ ದಾಟಿ ಹೋದವರ ಸಂಖ್ಯೆಯೂ ಅದಕ್ಕೆ ಕಡಮೆಯಲ್ಲ. ಹಾಗೆ ಹೋದವರ ಸಂತತಿಯವರು ತಮ್ಮ ಪೂರ್ವಿಕರ ಊರನ್ನು ಅರಸುವಾಗ ಅನುಸರಿಸಬೇಕಾದ ಕ್ರಮವೇನೆಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ಮೊದಲು ನಷ್ಟದ ಪ್ರಮಾಣವನ್ನು ತಿಳಿದುಕೊಳ್ಳುವುದು ಅವಶ್ಯಕ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರವು ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿ ನಾಶವಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮೂಲಪತ್ರಗಳು, ಕೆಲವು ತುಣುಕುಗಳನ್ನುಳಿದು, ಅಂದೇ ಸುಟ್ಟುಹೋದವು. ಆದರೆ ಎಲ್ಲ ನಷ್ಟವನ್ನೂ ಆ ಬೆಂಕಿಯ ಮೇಲೆ ಹೊರಿಸುವುದು ಸರಿಯಲ್ಲ. 1861 ಮತ್ತು 1871ರ ಗಣತಿಪತ್ರಗಳನ್ನು ಸರ್ಕಾರವೇ ಅದಕ್ಕೆ ಮುಂಚೆ ನಾಶಮಾಡಿಸಿತ್ತು. 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರದ್ದಿಕಾಗದವಾಗಿ ಅರೆಯಲ್ಪಟ್ಟಿದ್ದುವು. ಆದಕಾರಣ ಸಂಪೂರ್ಣವಾಗಿ ಉಳಿದಿರುವ ಗಣತಿಗಳಲ್ಲಿ ಅತ್ಯಂತ ಹಳೆಯದು 1901ರದು. ಎಲ್ಲ ಮತದವರ ಜನನ, ಮರಣ, ವಿವಾಹಗಳ ನೋಂದಣಿ ಆರಂಭವಾದದ್ದೂ 1864ರಲ್ಲಿಯೇ. ಅದಕ್ಕೂ ಹಿಂದಿನ ಕಾಲಕ್ಕೆ ಇಗರ್ಜಿಗಳ ಜ್ಞಾನಸ್ನಾನ ಹಾಗೂ ವಿವಾಹದ ಪುಸ್ತಕಗಳನ್ನೂ, ಭೂಮಿಯ ಮೇಲಿನ ಕರಕ್ಕಾಗಿ ಮಾಡಿದ ಪಟ್ಟಿಗಳನ್ನೂ ಆಶ್ರಯಿಸಬೇಕಾಗುತ್ತದೆ.

ಈ ಪಟ್ಟಿಗಳೆಲ್ಲಕ್ಕೂ ಆಧಾರವಾಗಿರುವುದು 'ಟೌನ್‌ಲ್ಯಾಂಡ್' ಎಂಬ ಘಟಕ. ಹೆಸರಿನಲ್ಲಿ ಪಟ್ಟಣವೆಂಬ ಅರ್ಥ ತೋರಿದರೂ ಇದು ಪಟ್ಟಣವಲ್ಲ; ನೆಲದ ಅತ್ಯಂತ ಚಿಕ್ಕ ವಿಭಾಗ. ಇಂಥವು ಆ ದ್ವೀಪದಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚಿವೆ. ಇವುಗಳ ಎಲ್ಲೆಯನ್ನು ಖಚಿತಗೊಳಿಸಿದ್ದು 1824ರಲ್ಲಿ ಥಾಮಸ್ ಕೋಲ್ಬಿಯ ನಾಯಕತ್ವದಲ್ಲಿ ಆರಂಭವಾದ ಮೋಜಣಿ. ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಇಡೀ ದೇಶದ ನಕ್ಷೆಗಳು 1846ರ ವೇಳೆಗೆ ಪ್ರಕಟವಾದುವು. ಊರುಗಳ ಹೆಸರುಗಳನ್ನು ಜಾನ್ ಓಡೊನೊವನ್ ಎಂಬ ವಿದ್ವಾಂಸರು ಐರಿಷ್ ಭಾಷೆಯ ಮೂಲರೂಪದೊಡನೆ ಹೋಲಿಸಿ ಪರಿಶೀಲಿಸಿದರು. 'ಕಿಲ್' ಎಂದು ಆರಂಭವಾಗುವ ಹೆಸರು ಇಗರ್ಜಿಯನ್ನೂ ಸೂಚಿಸಬಹುದು, ಕಾಡನ್ನೂ ಸೂಚಿಸಬಹುದು. ಸ್ಥಳೀಯರ ಉಚ್ಚಾರಣೆಯನ್ನು ಕೇಳದೆ ನಿರ್ಣಯಿಸುವುದು ಕಷ್ಟ. ಈ ಮೋಜಣಿಗೂ ನಮ್ಮ ನಾಡಿಗೂ ಒಂದು ಸಂಬಂಧವಿದೆ. ಬಿಸಿಲಿನಿಂದ ಅಳತೆ ವ್ಯತ್ಯಾಸವಾಗದಂತೆ ಹಿತ್ತಾಳೆ ಮತ್ತು ಕಬ್ಬಿಣದ ಸರಳುಗಳನ್ನು ಜೋಡಿಸಿ ಕೋಲ್ಬಿ ಐರ್ಲೆಂಡಿನಲ್ಲಿ ಬಳಸಿದ ಉಪಕರಣದ ಮಾದರಿಯನ್ನೇ ಜಾರ್ಜ್ ಎವರೆಸ್ಟ್ ಭಾರತಕ್ಕೆ ತಂದನು. 1841ರಲ್ಲಿ ಬೀದರಿನಲ್ಲಿಯೂ, 1868ರಲ್ಲಿ ಬೆಂಗಳೂರಿನಲ್ಲಿಯೂ ಆಧಾರರೇಖೆಗಳನ್ನು ಅಳೆದುದು ಅದರಿಂದಲೇ.

ಕರದ ಪಟ್ಟಿಗಳಲ್ಲಿ ಎರಡು ಮುಖ್ಯ. 1823ರಿಂದ 1837ರವರೆಗೆ ಸಿದ್ಧವಾದ ದಶಾಂಶ ಕರದ ಪುಸ್ತಕಗಳು ಮೊದಲನೆಯವು. ಬಹುಸಂಖ್ಯಾತರಾದ ಕ್ಯಾಥೊಲಿಕರೂ ಪ್ರಾಟೆಸ್ಟೆಂಟ್ ಇಗರ್ಜಿಗೆ ಈ ಕರವನ್ನು ತೆರಬೇಕಾಗಿದ್ದುದರಿಂದ, ಜನರಿಗೆ ಅನ್ಯಾಯವಾಗಿದ್ದ ಪದ್ಧತಿಯೇ ಅವರ ಹೆಸರುಗಳನ್ನು ಉಳಿಸಿಕೊಟ್ಟಿತು. ಎರಡನೆಯದು ರಿಚರ್ಡ್ ಗ್ರಿಫಿತ್ತನ ಮೇಲ್ವಿಚಾರಣೆಯಲ್ಲಿ 1847ರಿಂದ 1864ರವರೆಗೆ ಪ್ರಕಟವಾದ ಆಸ್ತಿಗಳ ಮೌಲ್ಯಪಟ್ಟಿ. ಇದರಲ್ಲಿ ಅನುಭೋಗದಾರನ ಹೆಸರು, ಅವನಿಗೆ ಗೇಣಿಗೆ ಕೊಟ್ಟವನ ಹೆಸರು, ಜಮೀನಿನ ವಿಸ್ತಾರ, ನೆಲದ ಮತ್ತು ಕಟ್ಟಡದ ಮೌಲ್ಯ ಬೇರೆ ಬೇರೆ ಅಂಕಣಗಳಲ್ಲಿವೆ. ಪ್ರತಿಯೊಂದು ನಮೂದಿಗೂ ನಕ್ಷೆಯ ಸಂಖ್ಯೆಯೊಂದಿದೆ. ಅದನ್ನು ಹಿಡಿದು ನಕ್ಷೆಯನ್ನು ನೋಡಿದರೆ ಆ ಗುಡಿಸಲು ಯಾವ ದಾರಿಯ ಪಕ್ಕದಲ್ಲಿತ್ತೆಂಬುದೂ ತಿಳಿಯುತ್ತದೆ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ, ತಂದೆಯ ಹೆಸರನ್ನೋ ಕಸುಬನ್ನೋ ಸೇರಿಸಿ ಅವರನ್ನು ಬೇರ್ಪಡಿಸಿರುವುದುಂಟು. ಅನಂತರದ ತಿದ್ದುಪಡಿ ಪುಸ್ತಕಗಳಲ್ಲಿ ಹಳೆಯ ಹೆಸರನ್ನು ಹೊಡೆದುಹಾಕಿ ಹೊಸದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿರುವುದರಿಂದ, ಜಮೀನು ತಂದೆಯಿಂದ ಮಗನಿಗೆ, ಗಂಡನಿಂದ ವಿಧವೆಗೆ ಬಂದ ಕಾಲವನ್ನು ಹೆಚ್ಚುಕಡಮೆ ನಿರ್ಧರಿಸಬಹುದು.

ಆದರೂ ಇವನ್ನು ಬಳಸುವಾಗ ಎಚ್ಚರ ಬೇಕು. ದಶಾಂಶ ಪುಸ್ತಕಗಳಲ್ಲಿ ಬಹುಮಟ್ಟಿಗೆ ಐರಿಷ್ ಎಕರೆಯನ್ನೂ, ಗ್ರಿಫಿತ್ತನ ಪಟ್ಟಿಯಲ್ಲಿ ಶಾಸನಬದ್ಧ ಎಕರೆಯನ್ನೂ ಬಳಸಿದೆ. ಮೊದಲನೆಯ ಹತ್ತು ಎಕರೆ ಎರಡನೆಯ ಹದಿನಾರು ಎಕರೆಗೂ ಸ್ವಲ್ಪ ಹೆಚ್ಚು. ಈ ಭೇದವನ್ನು ಅರಿಯದವನು, ಕ್ಷಾಮದಲ್ಲಿ ನೆರೆಯವನ ಭೂಮಿಯನ್ನು ಸೇರಿಸಿಕೊಂಡು ಈ ರೈತ ಬೆಳೆದನೆಂಬ ಇಲ್ಲದ ಚರಿತ್ರೆಯನ್ನು ಕಟ್ಟಿಯಾನು. ಹೆಸರಿನ ಸಾಮ್ಯವೊಂದೇ ಪ್ರಮಾಣವಲ್ಲ. ಊರು, ಒಡೆಯ, ನೆರೆಹೊರೆ ಮೂರೂ ಹೊಂದಿಬಂದಾಗ ಮಾತ್ರ ಸಂಬಂಧವನ್ನು ಒಪ್ಪಬಹುದು.

ಇನ್ನೊಂದು ಆಕರ ವಿಚಿತ್ರವಾದುದು. 1908ರ ಶಾಸನದಂತೆ ಎಪ್ಪತ್ತು ವರ್ಷ ತುಂಬಿದ ಬಡವರಿಗೆ 1909ರಿಂದ ವೃದ್ಧಾಪ್ಯ ವೇತನ ದೊರೆಯತೊಡಗಿತು. ಅಷ್ಟು ವಯಸ್ಸಿನವರಲ್ಲಿ ಜನನದ ನೋಂದಣಿಯುಳ್ಳವರು ಯಾರೂ ಇರಲಿಲ್ಲ. ಆದ್ದರಿಂದ ಅವರ ತಂದೆತಾಯಿಗಳ ಹೆಸರನ್ನೂ ಊರನ್ನೂ ಬರೆದುಕೊಂಡು, ಅಧಿಕಾರಿಗಳು 1841 ಮತ್ತು 1851ರ ಗಣತಿಪತ್ರಗಳಲ್ಲಿ ಹುಡುಕಿಸಿದರು. ಮೂಲಪತ್ರಗಳು ಸುಟ್ಟುಹೋದರೂ ಆ ಶೋಧನೆಯ ನಮೂನೆಗಳು ಅನೇಕ ಉಳಿದಿವೆ. ವಾರಕ್ಕೆ ಕೆಲವು ಷಿಲಿಂಗುಗಳಿಗಾಗಿ ಮುದುಕಿಯೊಬ್ಬಳು ಸಲ್ಲಿಸಿದ ಅರ್ಜಿಯೇ ಈಗ ಅವಳ ಬಾಲ್ಯದ ಮನೆಗೆ ಉಳಿದಿರುವ ಏಕೈಕ ಸಾಕ್ಷಿಯಾಗಿರಬಹುದು. ಆದರೆ ಇದೇ ವೇತನದ ಕಾರಣದಿಂದ 1901ರ ಗಣತಿಯಲ್ಲಿ ಅರುವತ್ತು ವರ್ಷಕ್ಕಿಂತ ಕಡಮೆಯೆಂದವರು ಹಲವರು 1911ರಲ್ಲಿ ಎಪ್ಪತ್ತು ದಾಟಿದವರಾಗಿ ಕಾಣಿಸಿಕೊಳ್ಳುತ್ತಾರೆ. ಆದುದರಿಂದ ಯಾವ ದಾಖಲೆಯನ್ನಾದರೂ ಅದು ಏತಕ್ಕಾಗಿ ಹುಟ್ಟಿತೆಂದು ವಿಚಾರಿಸಿಯೇ ನಂಬಬೇಕು.

ಈಗ ಈ ಆಕರಗಳಲ್ಲಿ ಅನೇಕವು ಅಂತರಜಾಲದಲ್ಲಿ ದೊರೆಯುತ್ತವೆ. ರಾಷ್ಟ್ರೀಯ ಗ್ರಂಥಾಲಯವು ಕ್ಯಾಥೊಲಿಕ್ ಇಗರ್ಜಿಗಳ ಪುಸ್ತಕಗಳ ಪ್ರತಿಬಿಂಬಗಳನ್ನು 2015ರಲ್ಲಿ ಪ್ರಕಟಿಸಿತು. ಸುಟ್ಟ ಭಂಡಾರದ ಪ್ರತಿಗಳನ್ನು ನಾನಾ ದೇಶಗಳಿಂದ ಸಂಗ್ರಹಿಸುವ ಯೋಜನೆಯ ಫಲ 2022ರಲ್ಲಿ ಹೊರಬಂದಿತು. ಆದರೂ ತುಂಬಲಾಗದ ಒಂದು ಕೊರತೆ ಇದೆ. ಕರದ ಪಟ್ಟಿಗಳಲ್ಲಿರುವುದು ನೆಲವನ್ನೋ ಮನೆಯನ್ನೋ ಹಿಡಿದಿದ್ದವನ ಹೆಸರು; ಅವನ ಹೆಂಡತಿ ಮಕ್ಕಳು, ಅವನ ಆಶ್ರಯದಲ್ಲಿದ್ದ ಕೂಲಿಯವರು ಅಲ್ಲಿಲ್ಲ. ಕ್ಷಾಮದಲ್ಲಿ ಮೊದಲು ಅಳಿದವರು ಬಹುಮಟ್ಟಿಗೆ ಈ ಕೂಲಿಯವರೇ. ಎರಡು ಪಟ್ಟಿಗಳ ನಡುವೆ ಒಂದು ಮನೆತನ ಕಾಣದಾದರೆ ಅದು ಸತ್ತಿತೆ, ಹೊರದೂಡಲ್ಪಟ್ಟಿತೆ, ಹಡಗನ್ನೇರಿತೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಅಂಥಲ್ಲಿ ಊಹೆಯನ್ನು ಊಹೆಯೆಂದೇ ಬರೆದು ನಿಲ್ಲಿಸುವುದು, ಹೆಸರುಳಿಯದ ಆ ಜನಕ್ಕೆ ಇತಿಹಾಸಕಾರನು ಸಲ್ಲಿಸಬಹುದಾದ ಗೌರವವೆಂದು ನಾವು ಭಾವಿಸುತ್ತೇವೆ.