ತೂತು ಕಾಸಿನ ದಿನಗಳು

ಹಳೆಯ ಟ್ರಂಕಿನ ತಳವನ್ನೋ ದೇವರ ಕೋಣೆಯ ಗೂಡನ್ನೋ ಜಾಲಾಡುವಾಗ, ನಡುವೆ ದೊಡ್ಡದೊಂದು ತೂತಿರುವ ಕಂಚಿನ ನಾಣ್ಯ ಕೈಗೆ ಸಿಗುವುದುಂಟು. ಮಕ್ಕಳು ಕಂಡರೆ ಯಾವುದೋ ಯಂತ್ರದ ವಾಷರ್ ಎಂದುಕೊಂಡಾರು. ಅದು ವಾಷರ್ ಅಲ್ಲ. ರೂಪಾಯಿಗೆ 64ರಂತೆ ಚಲಾವಣೆಯಲ್ಲಿದ್ದ ಕಾಲಾಣೆ. 1943ರಲ್ಲಿ ಟಂಕಸಾಲೆಯಿಂದ ಹೊರಬಿದ್ದ ಈ ನಾಣ್ಯವನ್ನು ಜನ ಸಲುಗೆಯಿಂದ ‘ತೂತು ಕಾಸು’ ಎಂದರು. ಹಿಂದಿನ ಕಾಲಾಣೆಯ ಮೇಲೆ ದೊರೆಯ ಮುಖವಿರುತ್ತಿತ್ತು. ಇದರಲ್ಲಿ ಮುಖವಿರಬೇಕಾದ ಕಡೆಯೇ ತೂತು. ಮೇಲೊಂದು ಕಿರೀಟ ಮಾತ್ರ ಉಳಿದಿತ್ತು. ಚಕ್ರವರ್ತಿಯ ಮುಖವನ್ನೇ ಕತ್ತರಿಸಿ ಲೋಹ ಉಳಿಸಬೇಕಾದಂಥ ಕಾಲ ಅದು.

ಎರಡನೆಯ ಮಹಾಯುದ್ಧದ ಆ ದಿನಗಳನ್ನು ನಾವು ಸಾಮಾನ್ಯವಾಗಿ ಸೇನಾಪತಿಗಳ ಹೆಸರಿನಿಂದ, ಕದನಗಳ ತಾರೀಖಿನಿಂದ ನೆನೆಯುತ್ತೇವೆ. ನಮ್ಮ ಊರುಗಳ ಮಟ್ಟಿಗೆ ಯುದ್ಧ ನಡೆದದ್ದು ಅಡಿಗೆಮನೆಯಲ್ಲಿ, ಅಂಗಡಿಯ ಮುಂದಿನ ಸಾಲಿನಲ್ಲಿ, ಸೀಮೆಎಣ್ಣೆಯ ಡಬ್ಬದ ಸುತ್ತ. ಆ ಯುದ್ಧವನ್ನು ನಮ್ಮ ಹಿರಿಯರು ಹೇಗೆ ಎದುರಿಸಿದರು, ಅದರಲ್ಲಿ ಯಾವುದು ಅವರ ಕೈಹಿಡಿಯಿತು, ಯಾವುದು ಸಾಲದೆ ಹೋಯಿತು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಅಂದು ಕನ್ನಡ ನಾಡು ಒಂದಾಗಿರಲಿಲ್ಲ. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಆಡಳಿತ ಬೇರೆ ಬೇರೆಯಾದರೂ ಅಭಾವ ಮಾತ್ರ ಎಲ್ಲರಿಗೂ ಒಂದೇ ಆಗಿತ್ತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಅದು ದೂರದ ಯೂರೋಪಿನ ಸುದ್ದಿ. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾದಾಗ ಸುದ್ದಿ ನಮ್ಮ ತಟ್ಟೆಗೇ ಬಂತು. ಬರ್ಮಾದ ಅಕ್ಕಿ ನಿಂತುಹೋಯಿತು. ಇಡೀ ಭಾರತದ ಧಾನ್ಯದ ಲೆಕ್ಕದಲ್ಲಿ ಅದು ಸಣ್ಣ ಪಾಲೇ. ಆದರೆ ಅನ್ನ ಉಣ್ಣುವ ದಕ್ಷಿಣದ ಪೇಟೆಗಳಿಗೆ ದೊಡ್ಡ ಪೆಟ್ಟು. ಇದರ ಜೊತೆಗೆ ಸೈನ್ಯದ ಖರೀದಿ, ಯುದ್ಧದ ಸರಕು ತುಂಬಿದ ರೈಲು, ಅಚ್ಚುಕೂಟದಿಂದ ಹರಿದು ಬರುವ ಹೊಸ ನೋಟು. 1939ರಲ್ಲಿ ಒಂದು ರೂಪಾಯಿಯಿದ್ದ ಸಾಮಾನಿನ ಸಗಟು ಬೆಲೆ 1944ರ ವೇಳೆಗೆ ಎರಡು ರೂಪಾಯಿಯನ್ನೂ ಮೀರಿತ್ತು. ಸಂಬಳ ಮಾತ್ರ ಆ ವೇಗದಲ್ಲಿ ಓಡಲಿಲ್ಲ. ವಿಜಾಪುರದ ಕಡೆಗಂತೂ 1942-43ರಲ್ಲಿ ಮಳೆಯೂ ಕೈಕೊಟ್ಟು ಬರ ಬಂತು.

ಚಿಲ್ಲರೆಯ ಕತೆಯೇ ಬೇರೆ. 1940ರಲ್ಲಿ ಸರ್ಕಾರ ಬೆಳ್ಳಿ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಜೊತೆಗೆ ಒಂದು ರೂಪಾಯಿಯ ನೋಟನ್ನೂ ಹೊರಡಿಸಿತು. ಜನಕ್ಕೆ ಕಾಗದಕ್ಕಿಂತ ಲೋಹದ ಮೇಲೆ ನಂಬಿಕೆ ಹೆಚ್ಚು. ಒಳ್ಳೆಯ ನಾಣ್ಯವೆಲ್ಲ ಗಡಿಗೆ ಸೇರಿತು. ಪೇಟೆಯಲ್ಲಿ ಕಾಸಿಗೂ ಬರ ಬಂತು. ಅಂಚೆಯ ಚೀಟಿಯೇ ಚಿಲ್ಲರೆಯಾಗಿ ಕೈ ಬದಲಾಯಿಸತೊಡಗಿತು. ತೂತು ಕಾಸು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ: ಅಷ್ಟೇ ಲೋಹದಲ್ಲಿ ಹೆಚ್ಚು ನಾಣ್ಯ.

ಗೃಹಿಣಿಯರೂ ಮಾಡಿದ್ದು ಇದೇ ಉಪಾಯ: ಇದ್ದದ್ದರ ನಡುವೆ ಒಂದು ತೂತು ಕೊರೆದು, ಅದನ್ನೇ ಇನ್ನೊಂದಕ್ಕೆ ಬಳಸುವುದು. ಸೀಮೆಎಣ್ಣೆ ಸಾಲದೆಂದು ಮನೆಗೊಂದೇ ದೀಪ. ಓದುವ ಹುಡುಗರು, ಅಕ್ಕಿ ಆರಿಸುವ ಅಜ್ಜಿ, ಲೆಕ್ಕ ಬರೆಯುವ ಯಜಮಾನರು ಎಲ್ಲರೂ ಅದರ ಸುತ್ತಲೇ. ಬಟ್ಟೆ ದುಬಾರಿಯಾದಾಗ ಅಪ್ಪನ ಕೋಟು ಮಗನಿಗೆ ಜಾಕೀಟಾಯಿತು. ಹರಿದ ಸೀರೆ ಧಾರವಾಡದ ಕಡೆ ಕೌದಿಯಾಯಿತು, ಮೈಸೂರಿನ ಕಡೆ ಕೂಸಿನ ತೊಟ್ಟಿಲಾಯಿತು. ಅಕ್ಕಿ ಕಡಮೆಯಾದಾಗ ಮೈಸೂರು ಸೀಮೆಯ ಮನೆಗಳನ್ನು ಕಾಪಾಡಿದ್ದು ರಾಗಿ. ಅದುವರೆಗೆ ‘ಆಳುಕಾಳುಗಳ ಊಟ’ ಎಂದು ಪೇಟೆಯ ಕೆಲವರು ಮೂಗು ಮುರಿಯುತ್ತಿದ್ದ ಮುದ್ದೆಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು.

ಸಕ್ಕರೆ ಅಳತೆಗೆ ಬಂದಾಗ ಕಾಫಿಗೆ ಬೆಲ್ಲ ಬಿತ್ತು. ಇಲ್ಲೊಂದು ವಿನೋದವಿದೆ. ಎಲ್ಲ ಪದಾರ್ಥಕ್ಕೂ ಅಭಾವವಿದ್ದ ಆ ಕಾಲದಲ್ಲಿ ಕಾಫಿಯೊಂದು ಮಾತ್ರ ಹೆಚ್ಚಾಗಿ ಕೂತಿತ್ತು! ಕೊಡಗು, ಚಿಕ್ಕಮಗಳೂರುಗಳ ಕಾಫಿಯನ್ನು ಕೊಳ್ಳುತ್ತಿದ್ದ ಯೂರೋಪಿನ ಮಾರುಕಟ್ಟೆ ಯುದ್ಧದಿಂದ ಮುಚ್ಚಿಹೋಗಿತ್ತು. ಅದನ್ನು ನಮ್ಮ ದೇಶದಲ್ಲೇ ಕುಡಿಸಬೇಕೆಂದು 1940ರಲ್ಲಿ ಸರ್ಕಾರ ಪ್ರತ್ಯೇಕ ಮಂಡಳಿಯನ್ನೇ ರಚಿಸಿತು. ಕಾಫಿ ಕುಡಿಯಿರಿ ಎಂದು ಒಂದು ಇಲಾಖೆ, ಸಕ್ಕರೆ ಕೇಳಬೇಡಿ ಎಂದು ಇನ್ನೊಂದು ಇಲಾಖೆ.

ಇಕ್ಕಟ್ಟಿನಿಂದ ಹುಟ್ಟಿದ ಒಂದು ತಿಂಡಿಯಂತೂ ಇಂದಿಗೂ ನಮ್ಮ ನಾಲಗೆಯ ಮೇಲಿದೆ. 1924ರಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಪಡೆದ ಬೆಂಗಳೂರಿನ ಹೋಟೆಲಿನವರು ಹೇಳಿಕೊಂಡು ಬಂದಿರುವಂತೆ, ಯುದ್ಧಕಾಲದಲ್ಲಿ ಅಕ್ಕಿ ಸಾಲದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಅದೇ ರವೆ ಇಡ್ಲಿ. ಅಭಾವ ಹೋಯಿತು, ಇಡ್ಲಿ ಉಳಿಯಿತು.

ಇಷ್ಟು ಹೇಳಿದರೆ ಮಿತವ್ಯಯವೇ ಎಲ್ಲಕ್ಕೂ ಮದ್ದು ಎಂದು ತೋರಬಹುದು. ಹಾಗಲ್ಲ. ನಮ್ಮ ಹಳ್ಳಿಗಳ ಹಗೇವನ್ನು ನೆನೆಯಿರಿ. ಗಟ್ಟಿ ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಒಣಗಿದ ರಾಗಿಯನ್ನು ತುಂಬಿ ಬಾಯಿ ಮುಚ್ಚುತ್ತಿದ್ದರು. ಗಾಳಿ, ತೇವ ತಾಗದೆ, ಹುಳು ಹಿಡಿಯದೆ ರಾಗಿ ಅಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮುಂದಿನ ಬರಕ್ಕೆ ಕೂಡಿಡುವ ಈ ಪದ್ಧತಿ ನಿಜವಾದ ಜಾಣ್ಮೆ. ಆದರೆ ಬೆಲೆ ಏರುತ್ತಿರುವಾಗ ಅದೇ ಬಾಯಿಯನ್ನು ತೆರೆಯದೆ ಇನ್ನೂ ಏರಲಿ ಎಂದು ಕಾಯುವವನ ಕೈಯಲ್ಲಿ ಅದೇ ಹಗೇವು ಕಳ್ಳ ದಾಸ್ತಾನಾಗುತ್ತದೆ. ಗುಂಡಿ ಒಂದೇ, ರಾಗಿಯೂ ಒಂದೇ. ಒಬ್ಬನದು ಮಿತವ್ಯಯ, ಇನ್ನೊಬ್ಬನದು ಪಾಪ. ವ್ಯತ್ಯಾಸವಿರುವುದು ಹಂಚಿಕೊಳ್ಳುವ ಮನಸ್ಸಿನಲ್ಲಿ.

ಇದಕ್ಕೆ ಆ ಕಾಲ ಕೊಟ್ಟ ಘೋರ ಸಾಕ್ಷಿ ಬಂಗಾಳ. 1943ರ ಕ್ಷಾಮದಲ್ಲಿ ಅಲ್ಲಿ ಸತ್ತವರು 20ರಿಂದ 30 ಲಕ್ಷ ಜನ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ಲೆಕ್ಕ ಹಾಕಿ, ಆ ವರ್ಷ ಬಂಗಾಳದಲ್ಲಿ ದೊರೆಯಬಹುದಾಗಿದ್ದ ಧಾನ್ಯ 1941ಕ್ಕಿಂತ ಕಡಮೆಯಿರಲಿಲ್ಲವೆಂದು ವಾದಿಸಿದರು. ಅಂಕಿಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಅವರ ಮಾತಿನ ತಿರುಳನ್ನು ಅಲ್ಲಗಳೆಯುವುದು ಕಷ್ಟ: ಅಕ್ಕಿ ಇದ್ದರೆ ಸಾಲದು, ಅದು ಬಡವನ ಕೈಗೆ ಎಟುಕಬೇಕು. ಕೂಲಿ ಇಲ್ಲದವನಿಗೆ ಮಿತವ್ಯಯವನ್ನು ಬೋಧಿಸುವುದು ಈಜು ಬಾರದವನಿಗೆ ನೀರಿನ ಗುಣ ಹೇಳಿದಂತೆ.

ನಗರಗಳಲ್ಲಿ ಹಂಚಿಕೆಯ ಭಾರವನ್ನು ಹೊತ್ತದ್ದು ರೇಷನ್ ಚೀಟಿ. ಮುಂಬಯಿಯಲ್ಲಿ 1943ರ ಮೇ ತಿಂಗಳಲ್ಲಿ ಅದು ಆರಂಭವಾಯಿತು. ಬೇರೆ ನಗರಗಳು ಹಿಂಬಾಲಿಸಿದವು. ಕಲ್ಲು ಸೇರಿದ ಅಕ್ಕಿ, ಉದ್ದನೆಯ ಸಾಲು, ತೂಕದ ಕಡೆ ಅನುಮಾನದ ನೋಟ, ಇವೆಲ್ಲ ಇದ್ದದ್ದೇ. ಆದರೂ ವಕೀಲರ ಮನೆಗೂ ಜವಾನನ ಮನೆಗೂ ತಲೆಗೆ ಇಷ್ಟೇ ಎಂಬ ನಿಯಮವನ್ನು ನಮ್ಮ ಪೇಟೆಗಳು ಮೊದಲಬಾರಿಗೆ ಕಂಡವು. ಯುದ್ಧ ಮುಗಿದರೂ ಚೀಟಿ ಮುಗಿಯಲಿಲ್ಲ. 1946ರಲ್ಲಿ ದಿನದ ಪಾಲು ತಲೆಗೆ 12 ಔನ್ಸಿಗೆ ಇಳಿಯಿತು. ಇಂದಿನ ಲೆಕ್ಕದಲ್ಲಿ ಸುಮಾರು 340 ಗ್ರಾಂ. 1947ರ ಡಿಸೆಂಬರಿನಲ್ಲಿ ನಿಯಂತ್ರಣ ಸಡಿಲಿಸಿದರು, ಬೆಲೆ ಹಾರಿತು, 1948ರಲ್ಲಿ ಮತ್ತೆ ಬಿಗಿ ಮಾಡಿದರು.

ಸರ್ಕಾರದ ಚೀಟಿಗಿಂತ ಹಳೆಯದಾದ ಒಂದು ಹಂಚಿಕೆ ನಮ್ಮ ಊರುಗಳಲ್ಲೇ ಇತ್ತು: ವಾರಾನ್ನ. ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಏಳು ಮನೆ ಸೇರಿದರೆ ಒಬ್ಬ ಹುಡುಗನ ವರ್ಷ ಕಳೆಯಿತು. ಒಂದೇ ಮನೆಗೆ ಹೊರಲಾರದ ಭಾರ ಏಳು ಪಾಲಾದಾಗ ವಾರಕ್ಕೊಂದು ಎಲೆ ಹೆಚ್ಚು, ಅಷ್ಟೇ. ಧಾನ್ಯವನ್ನು ಅಳೆದು ಕೊಡುತ್ತಿದ್ದ ದಿನಗಳಲ್ಲೂ ಎಷ್ಟೋ ಮನೆಗಳು ಆ ಎಲೆಯನ್ನು ಎತ್ತಲಿಲ್ಲ. ಸಾರಿಗೆ ಒಂದು ಲೋಟ ನೀರು ಹೆಚ್ಚು ಬಿದ್ದಿರಬಹುದು. 1940ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದ ಎಸ್. ಎಲ್. ಭೈರಪ್ಪನವರು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ಇಂಥ ದಿನಗಳನ್ನು ಚಿತ್ರಿಸಿದ್ದಾರೆ. ಉಣ್ಣುವವನ ಕಡೆಯಿಂದ ನೋಡಿದಾಗ ಆ ಅನ್ನದಲ್ಲಿ ಉಪಕಾರವೂ ಇತ್ತು, ಸಂಕೋಚದ ಮುಳ್ಳೂ ಇತ್ತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ವಾರಾನ್ನದ ಬಾಗಿಲು ಬಹುಮಟ್ಟಿಗೆ ಜಾತಿಯ ಗೆರೆಯೊಳಗೆ ತೆರೆಯುತ್ತಿತ್ತು. ಗೆರೆಯಾಚೆ ನಿಂತ ಹುಡುಗನಿಗೆ ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಆ ಕೊರತೆಯನ್ನು ತುಂಬಲು ಎದ್ದುನಿಂತವು ಉಚಿತ ವಿದ್ಯಾರ್ಥಿನಿಲಯಗಳು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ತಮ್ಮ ಸಮಾಜದ ಹುಡುಗರಿಗಾಗಿ ಅಂಥ ನಿಲಯವನ್ನು 20ನೆಯ ಶತಮಾನದ ಆರಂಭದಲ್ಲೇ ಕಟ್ಟಿದ್ದರು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು, ಊರೂರು ಸುತ್ತಿ ಭಕ್ತರಿಂದ ಧಾನ್ಯ ಕೂಡಿಸಿ ಹುಡುಗರಿಗೆ ಅನ್ನವಿಕ್ಕಿದರು. ಆ ಪಂಕ್ತಿ ಎಲ್ಲ ಜಾತಿಯ ಮಕ್ಕಳಿಗೂ ತೆರೆಯಿತು. ದೇಶಕ್ಕೇ ಅನ್ನ ಸಾಲದ ಹೊತ್ತಿನಲ್ಲಿ ಎಲೆಗಳ ಸಾಲನ್ನು ಉದ್ದ ಮಾಡುತ್ತ ಹೋಗುವುದಕ್ಕೆ ಎಂಥ ಎದೆ ಬೇಕೆಂದು ಅಡಿಗೆ ಮಾಡುವವರಿಗೆ ಗೊತ್ತು.

ಇನ್ನು ನಗೆಯ ಮಾತು. 1942ರಲ್ಲಿ, ಕಾಗದಕ್ಕೂ ಅಭಾವ ಬಂದು ಪತ್ರಿಕೆಗಳು ಸಣ್ಣದಾಗುತ್ತಿದ್ದಾಗ, ಬೆಂಗಳೂರಿನ ವೈದ್ಯರೊಬ್ಬರು ಹಾಸ್ಯಕ್ಕೇ ಮೀಸಲಾದ ಮಾಸಪತ್ರಿಕೆಯನ್ನು ಹೊರಡಿಸಿದರು. ವೈದ್ಯರು ಡಾಕ್ಟರ್ ಎಂ. ಶಿವರಾಂ, ಅಂದರೆ ‘ರಾಶಿ’, ಪತ್ರಿಕೆ ‘ಕೊರವಂಜಿ’. ಮುಂದೆ ದೇಶಕ್ಕೆಲ್ಲ ಪರಿಚಿತರಾದ ಆರ್. ಕೆ. ಲಕ್ಷ್ಮಣರು ತಾರುಣ್ಯದಲ್ಲಿ ಅದಕ್ಕೆ ಚಿತ್ರ ಬರೆದರು. ಇಂಥ ಹೊತ್ತಿನಲ್ಲಿ ನಗೆಯೇ ಎಂದು ಕೇಳಿದವರೂ ಇದ್ದಿರಬಹುದು. ಆದರೆ ಪತ್ರಿಕೆ 1967ರವರೆಗೆ, 25 ವರ್ಷ ಬಾಳಿತು.

ನಗೆಗೆ ವಸ್ತುವಿನ ಕೊರತೆಯಂತೂ ಇರಲಿಲ್ಲ. ಪೆಟ್ರೋಲು ಸಿಗದೆ ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿದರು. ಇದ್ದಿಲು ಅರೆಬರೆ ಉರಿದಾಗ ಬರುವ ಅನಿಲದಿಂದ ಎಂಜಿನ್ನು ಓಡಬೇಕು. ಹೊರಡುವ ಮೊದಲು ಕ್ಲೀನರು ಹಿಡಿಕೆ ತಿರುಗಿಸಿ ತಿರುಗಿಸಿ ಗಾಳಿ ಹಾಕಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. ಟಿಕೆಟು ಕೊಂಡದ್ದು ಕೂರುವುದಕ್ಕೋ ತಳ್ಳುವುದಕ್ಕೋ ಎಂಬ ಸಂದೇಹ ಅವರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಗಡಿಯಾರವೂ ಸುಮ್ಮನಿರಲಿಲ್ಲ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರಿನ ನಡುವಿನವರೆಗೆ ಭಾರತದ ಸಮಯವನ್ನು ಒಂದು ಗಂಟೆ ಮುಂದೂಡಿದ್ದರು. ಗಂಟೆ ಕೇಳಿದರೆ ‘ಹೊಸದೋ, ಹಳೆಯದೋ’ ಎಂದು ಮರುಪ್ರಶ್ನೆ. ಹಸಿವಿಗೆ ಮಾತ್ರ ಹಳೆಯ ಟೈಮೇ!

ಇಂಥ ನಗೆ ಅಭಾವವನ್ನು ನೀಗಲಿಲ್ಲ, ನಿಜ. ಆದರೆ ಅದು ಎರಡು ಕೆಲಸ ಮಾಡಿತು. ಬೆಲ್ಲದ ಕಾಫಿ ಕೊಟ್ಟ ಮನೆಯೊಡತಿಯ ನಾಚಿಕೆಯನ್ನು ಕಳೆಯಿತು. ಎಲ್ಲರ ಮನೆಯಲ್ಲೂ ಅದೇ ಕಾಫಿ ಎಂದಾದ ಮೇಲೆ ನಾಚಿಕೆಯೇಕೆ? ಮತ್ತೆ, ಕಾನೂನಿನ ಕೈಗೆ ಸಿಗದ ಕಾಳಸಂತೆಯವನನ್ನು ಊರ ಬಾಯಿಗೆ ಸಿಗಿಸಿತು. ದಂಡ ಕಟ್ಟಿ ಪಾರಾಗಬಹುದು, ನಗೆಪಾಟಲಾದರೆ ಪಾರಾಗುವುದು ಕಷ್ಟ.

ಉಳಿಸುವುದು, ಹಂಚುವುದು, ನಗುವುದು. ಈ ಮೂರೂ ಒಂದನ್ನೊಂದು ಹಿಡಿದುಕೊಂಡಾಗಲೇ ನಮ್ಮ ಹಿರಿಯರು ಆ ಹೊಳೆಯನ್ನು ದಾಟಿದರು. ಬರಿಯ ಉಳಿತಾಯ ಜಿಪುಣತನವಾಗುತ್ತದೆ. ಉಳಿತಾಯವಿಲ್ಲದ ಹಂಚಿಕೆ ಎರಡೇ ದಿನಕ್ಕೆ ಬರಿದಾಗುತ್ತದೆ. ಇವೆರಡೂ ಇಲ್ಲದ ನಗೆ ಹಸಿದವನನ್ನು ಅಣಕಿಸುತ್ತದೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಕೇಳಿದಾಗ ಎಷ್ಟೋ ಮನೆಗಳು ಸೋಮವಾರದ ರಾತ್ರಿ ಒಲೆ ಹಚ್ಚಲಿಲ್ಲ. ತೂತು ಕಾಸಿನ ದಿನಗಳನ್ನು ಕಂಡಿದ್ದ ಗೃಹಿಣಿಯರಿಗೆ ಅದು ಹೊಸ ಪಾಠವೇನೂ ಆಗಿರಲಿಲ್ಲ.

1957ರ ಏಪ್ರಿಲ್ 1ರಂದು ನಯೇ ಪೈಸೆ ಬಂದ ಮೇಲೆ ಆಣೆ, ಕಾಲಾಣೆಗಳ ಲೆಕ್ಕ ಹಿಂದೆ ಸರಿಯಿತು. ಆ ಕಾಲವನ್ನು ಕಂಡವರು ಈಗ ಎಂಬತ್ತರ ಆಚೆಗಿದ್ದಾರೆ. ತಮ್ಮ ಮನೆಯಲ್ಲಿ ಅಂಥವರಿದ್ದರೆ ಒಂದು ಸಂಜೆ ಪಕ್ಕದಲ್ಲಿ ಕುಳಿತು ಕೇಳಿ: ಆಗ ನಿಮ್ಮ ಮನೆಯಲ್ಲಿ ಏನು ಉಂಡಿರಿ, ಯಾರಿಗೆ ಬಡಿಸಿದಿರಿ, ಏನು ಹೇಳಿ ನಕ್ಕಿರಿ? ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿ ಇಡಿ. ಇಂಥ ಸಂಗತಿಗಳು ಸರ್ಕಾರದ ಕಡತಗಳಲ್ಲಿ ಸಿಗುವುದಿಲ್ಲ.