ಕುದುರೆ ಜೀನು, ಪೆಟ್ರೋಲು, ಪ್ಲಗ್ಗು



ನಮ್ಮ ಪ್ರಾಸ್ಪೆಕ್ಟಿನ ಪೂರ್ವದ ಅಂಚಿಗಿರುವ ಮೇನ್ ನಾರ್ತ್ ರೋಡಿನಲ್ಲಿ ಉತ್ತರಕ್ಕೆ ಅರ್ಧ ಗಂಟೆ ಹೋದರೆ ಎಲಿಜಬೆತ್ ಸಿಗುತ್ತದೆ. 2017ರ ಅಕ್ಟೋಬರ್ 20ರಂದು ಅಲ್ಲಿನ ಹೋಲ್ಡನ್ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂತು, ಕೆಂಪು ಬಣ್ಣದ ಕಮಡೋರ್. ನಿಮ್ಮಲ್ಲಿ ಹಲವರು ಆಗ ಇನ್ನೂ ಚಿಕ್ಕವರು. ನಿಮ್ಮ ನೆರೆಮನೆಯ ಹಿರಿಯರನ್ನು ಕೇಳಿ ನೋಡಿ. ಇಲ್ಲಿನ ಮನೆಗಳಲ್ಲಿ 'ನಾವು ಹೋಲ್ಡನ್‌ನವರು, ಅವರು ಫೋರ್ಡ್‌ನವರು' ಎನ್ನುವುದು ಹೆಚ್ಚುಕಡಿಮೆ ಮನೆತನದ ಮಾತಾಗಿತ್ತು.

ಈ ಹೋಲ್ಡನ್ ಶುರುವಾದದ್ದು ಕಾರಿನಿಂದಲ್ಲ. 1856ರಲ್ಲಿ ಅಡಿಲೇಡಿನಲ್ಲಿ ಅದು ಕುದುರೆಗೆ ಜೀನು ಮಾಡುವ ಅಂಗಡಿ. ಮೋಟಾರು ಬಂದಾಗ ಜೀನು ಹೊಲಿಯುತ್ತಿದ್ದ ಕೈಗಳು ಕಾರಿನ ಸೀಟು ರಿಪೇರಿಗೆ ಇಳಿದವು, ಆಮೇಲೆ ಕಾರಿನ ಮೈ ಕಟ್ಟಲು ಕಲಿತವು. 1931ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಕುದುರೆಯ ಕಾಲ ಮುಗಿದರೂ ಹೋಲ್ಡನ್ ಮುಗಿಯಲಿಲ್ಲ ನೋಡಿ.

ಈಗ ಪೆಟ್ರೋಲಿನ ಸರದಿ. ಇದರ ಕಥೆಯೂ ನಮ್ಮ ಊರಿಗೇ ಬರುತ್ತದೆ. 1987ರಲ್ಲಿ ಡಾರ್ವಿನ್‌ನಿಂದ ಅಡಿಲೇಡಿಗೆ ಸುಮಾರು 3,000 ಕಿಲೋಮೀಟರಿನ ಸೌರ ಕಾರುಗಳ ಪಂದ್ಯ ಮೊದಲ ಬಾರಿಗೆ ನಡೆಯಿತು. ಗೆದ್ದದ್ದು ಅದೇ ಜನರಲ್ ಮೋಟಾರ್ಸ್‌ನ 'ಸನ್‌ರೇಸರ್', ಗಂಟೆಗೆ ಸರಾಸರಿ 67 ಕಿಲೋಮೀಟರ್ ವೇಗದಲ್ಲಿ. ಆ ಅನುಭವದಿಂದಲೇ ಕಂಪನಿ 1996ರಲ್ಲಿ ಇವಿ1 ಎಂಬ ವಿದ್ಯುತ್ ಕಾರನ್ನು ಹೊರತಂದಿತು. ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ಕೊನೆಗೆ ಎಲ್ಲವನ್ನೂ ವಾಪಸು ಪಡೆದು ಬಹುಪಾಲನ್ನು ಜಜ್ಜಿ ಹಾಕಿತು! ಎಲಿಜಬೆತ್ ಕಾರ್ಖಾನೆ ಮುಚ್ಚಿದ್ದಕ್ಕೆ ಡಾಲರಿನ ಬೆಲೆ, ತಯಾರಿಕೆಯ ಖರ್ಚು, ನಿಂತುಹೋದ ಸರಕಾರಿ ನೆರವು ಎಲ್ಲವೂ ಕಾರಣ, ನಿಜ. ಆದರೂ ಕೈಯಲ್ಲಿದ್ದ ವಿದ್ಯೆಯನ್ನು ಹೀಗೆ ಗುಜರಿಗೆ ಹಾಕಿದವರ ಮೇಲೆ ನನಗೆ ಸಿಟ್ಟಿದೆ.

1990ರ ಪಂದ್ಯದಲ್ಲಿ ಮೂರನೆಯದಾಗಿ ಬಂದದ್ದು ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಾರು. ಆ ತಂಡದಲ್ಲಿ ಬೆಂಗಳೂರಿನ ಹುಡುಗನೊಬ್ಬನಿದ್ದ, ಚೇತನ್ ಮೈನಿ. ಇಪ್ಪತ್ತರ ಆಸುಪಾಸು, ಅಂದರೆ ನಿಮ್ಮದೇ ವಯಸ್ಸು. ಅವರು ಊರಿಗೆ ಮರಳಿ 2001ರಲ್ಲಿ 'ರೇವಾ' ಕಾರನ್ನು ಮಾರುಕಟ್ಟೆಗೆ ತಂದರು. ಪುಟಾಣಿ ಕಾರು, ಎರಡೇ ಬಾಗಿಲು. ಮುಂದೆ ಇಬ್ಬರು, ಹಿಂದೆ ಮಕ್ಕಳು. ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಪೂರ್ತಿ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಬೆಂಗಳೂರಿನ ಜನ ಆಟಿಕೆ ಎಂದು ನಕ್ಕವರೇ ಹೆಚ್ಚು. ಆದರೆ ಅದೇ ಕಾರು 'ಜಿ-ವಿಜ್' ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಿತು. ಅಲ್ಲಿ ಪೆಟ್ರೋಲು ಕಾರು ನಗರದ ಮಧ್ಯಕ್ಕೆ ಹೋಗಲು ಸುಂಕ ಕೊಡಬೇಕಿತ್ತು, ಇದಕ್ಕೆ ಇರಲಿಲ್ಲ. ಸೀಸ-ಆಮ್ಲದ ಭಾರದ ಬ್ಯಾಟರಿ ಅದರ ದೌರ್ಬಲ್ಯ. ಲಿಥಿಯಂ ಬ್ಯಾಟರಿ ಅಗ್ಗವಾಗುವ ಮೊದಲೇ ಹುಟ್ಟಿದ ಕೂಸು ಅದು. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು.

ಈಗ ಬ್ಯಾಟರಿ ಅಗ್ಗವಾಗಿದೆ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು. ಆಸ್ಟ್ರೇಲಿಯಾದಲ್ಲಿ ಹತ್ತಕ್ಕೆ ಒಂದೂ ಇರಲಿಲ್ಲ. ನಮ್ಮ ಸೌತ್ ಆಸ್ಟ್ರೇಲಿಯಾದಲ್ಲಿ ಮಧ್ಯಾಹ್ನದ ಬಿಸಿಲಿಗೆ ಬರವೇ? ಮನೆಯ ಚಾವಣಿಯೇ ಪೆಟ್ರೋಲ್ ಬಂಕ್ ಆಗಬಹುದು.

ಆಗ ಬದಲಾಗುವುದು ಇಂಧನ ಮಾತ್ರವಲ್ಲ. ಇಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಸೈಲೆನ್ಸರ್ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ನೇತಾಡುವ ಸಾಮಾನುಗಳಲ್ಲಿ ಎಷ್ಟೋ ಬೇಕಾಗುವುದಿಲ್ಲ. ಕಿವಿಯಿಂದಲೇ ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದ ಮೆಕ್ಯಾನಿಕ್ ಇನ್ನು ಹೈ ವೋಲ್ಟೇಜ್ ಪಾಠ ಕಲಿಯಬೇಕು. ಅಪ್ಪ-ಮಗ ಶನಿವಾರ ಬಾನೆಟ್ ಎತ್ತಿ ಮೈಕೈ ಮಸಿ ಮಾಡಿಕೊಳ್ಳುವ ಸುಖ ಕಡಿಮೆಯಾಗುತ್ತದೆ, ಅದು ನಷ್ಟವೇ. ಆಯುಧಪೂಜೆಗೆ ತೊಂದರೆಯಿಲ್ಲ ಬಿಡಿ, ನಿಂಬೆಹಣ್ಣು ಚಕ್ರದ ಕೆಳಗೆ ತಾನೇ ಇಡುವುದು!

ಸೌರ ಕಾರುಗಳ ಪಂದ್ಯ ಇಂದಿಗೂ ನಡೆಯುತ್ತಿದೆ, ಈಗ ಎರಡು ವರ್ಷಕ್ಕೊಮ್ಮೆ. ದೇಶದೇಶಗಳ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳಲ್ಲಿ ಅಡಿಲೇಡಿಗೆ ಬಂದು ಮುಟ್ಟುತ್ತಾರೆ. ಮುಂದಿನ ಸಲ ಹೋಗಿ ನೋಡಿ, ಅವರನ್ನು ಮಾತಾಡಿಸಿ. ನಿಮ್ಮ ವಿಶ್ವವಿದ್ಯಾಲಯದ ತಂಡವಿದೆಯೇ ಎಂದೂ ವಿಚಾರಿಸಿ.